ಫ್ರೀ ಅಂದ್ರೆ ಲೇಬರ್ ಫ್ರೀ ಸರ್

ಮೂರು ವಾರದ ಹಿಂದೆ ಒಂದು ಭಾನುವಾರ ಇಂಗ್ಲೆಂಡಿನಿಂದ ಅಳಿಯ ಫೋನ್ ಮಾಡಿದ್ದ. ನನ್ನ ತಂಗಿಯ ಮಗ. ಇಲ್ಲೇ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ ಈಗ ಕಾವೆಂಟ್ರಿ ಹತ್ತಿರ ಕೆಲಸದಲ್ಲಿದ್ದಾನೆ. ಯಾವಾಗಲೂ "ಮಾಮ, ಬೆಣ್ಣೆ ದೋಸೆ ತಿಂದ್ರಾ?" ಅಂತ ಶುರು ಮಾಡುವವನು ಅವತ್ತು ದೋಸೆಯ ಸುದ್ದಿಯೇ ಎತ್ತಲಿಲ್ಲ.

"ಮಾಮ, ಕ್ಯಾರವಾನ್ ತಗೊಂಡು ಇನ್ನೂ ವರ್ಷ ತುಂಬಿಲ್ಲ. ಮೊದಲ ಸರ್ವಿಸ್‌ಗೆ 250 ಪೌಂಡ್ ಕೇಳ್ತಿದಾರೆ."

ನಮ್ಮ ಕಡೆ ಕ್ಯಾರವಾನ್ ಅಂದರೆ ಸಿನಿಮಾದವರು ಮೇಕಪ್ ಮಾಡಿಕೊಳ್ಳುವ ಎಸಿ ಬಸ್ಸು. ಇವನದು ಹಾಗಲ್ಲ. ಎರಡು ಗಾಲಿಯ ಮೇಲೆ ಕೂರಿಸಿದ ಪುಟ್ಟ ಮನೆ. ಒಳಗೆ ಮಂಚ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲ ಇದೆ. ಕಾರಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗೋದು, ಹೋದ ಊರಲ್ಲಿ ನಿಲ್ಲಿಸಿ ಮಲಗೋದು. ಅದಕ್ಕೆ 25 ಸಾವಿರ ಪೌಂಡ್ ಸುರಿದಿದ್ದಾನೆ. ಆ ದುಡ್ಡಿಗೆ ಇಲ್ಲಿ ಒಂದು ಸೈಟೇ ಬರ್ತಿತ್ತು ಅಂತ ನಮ್ಮ ತಂಗಿ ಈಗಲೂ ಗೊಣಗುತ್ತಾಳೆ.

"ಅಲ್ಲೋ, ಇಂಜಿನ್ನೇ ಇಲ್ಲದ ಗಾಡಿಗೆ ಎಂಥ ಸರ್ವಿಸ್? ಆಯಿಲ್ ಎಲ್ಲಿಗೆ ಹಾಕ್ತಾರೆ?" ಅಂದೆ.

"ಅದನ್ನೇ ನಾನೂ ಕೇಳಿದ್ದು ಮಾಮ."

ಇಬ್ಬರೂ ನಕ್ಕೆವು. ನನ್ನದು ಮಾತ್ರ ಅರ್ಧ ನಗು. ಯಾಕಂದರೆ ಅದಕ್ಕೆ ನಾಲ್ಕು ದಿನ ಮುಂಚೆ ನಾನೂ ನನ್ನ ಹೊಸ ಕಾರಿನ "ಮೊದಲ ಫ್ರೀ ಸರ್ವಿಸ್" ಮುಗಿಸಿ, 2,242 ರೂಪಾಯಿ ತೆತ್ತು ಬಂದಿದ್ದೆ.

ಆ ಕಥೆ ಹೇಳಿಬಿಡುತ್ತೇನೆ. ಶೋರೂಮಿನ ಹೆಸರು ಕೇಳಬೇಡಿ, ಹೇಳಲ್ಲ. ಹೇಳಿದರೂ ಪ್ರಯೋಜನ ಇಲ್ಲ. ಯಾವ ಶೋರೂಮಿಗೆ ಹೋದವರೂ ಇದೇ ಕಥೆ ಹೇಳ್ತಾರೆ.

ಕಾರು ಬಂದ ದಿನ ದುಗ್ಗಮ್ಮನ ಗುಡಿ ಮುಂದೆ ನಿಂಬೆಹಣ್ಣು ಹತ್ತಿಸಿದೆವು. ಮುಂದಿನ ವಾರ ಉಕ್ಕಡಗಾತ್ರಿ ಅಜ್ಜಯ್ಯನ ದರ್ಶನ. ಆಮೇಲೆ ದುರ್ಗದಲ್ಲಿ ಒಂದು ಮದುವೆ. ಹೀಗೆ ಓಡಾಡಿ ಒಂದು ತಿಂಗಳಿಗೆ ಸಾವಿರ ಕಿಲೋಮೀಟರ್ ಆಯಿತು. "ಸರ್, ನಿಮ್ಮ ಮೊದಲ ಫ್ರೀ ಸರ್ವಿಸ್ ಡ್ಯೂ ಇದೆ" ಅಂತ ಫೋನಿನಲ್ಲಿ ಹುಡುಗಿಯೊಬ್ಬಳು ಎಷ್ಟು ನಯವಾಗಿ ಕರೆದಳೆಂದರೆ, ಹೋಗದಿದ್ದರೆ ಬೇಜಾರಾಗುತ್ತಾಳೇನೋ ಅನ್ನಿಸಿತು.

ಸಾವಿರ ಕಿಲೋಮೀಟರಿನ ಸರ್ವಿಸ್ ಅಂದರೆ ಈಗಿನ ಕಾರುಗಳಲ್ಲಿ ಹೆಚ್ಚಾಗಿ ನೋಡುವ ಕೆಲಸ ಅಷ್ಟೇ. ನಟ್ಟು ಬೋಲ್ಟು ಬಿಗಿ ಇದೆಯಾ, ಎಲ್ಲಾದರೂ ಆಯಿಲ್ ಜಿನುಗ್ತಿದೆಯಾ, ಬ್ರೇಕು ಸರಿ ಇದೆಯಾ, ಕೊನೆಗೆ ಒಂದು ನೀರು ಹೊಡೆತ. ಬೆಳಗ್ಗೆ ಬಿಟ್ಟು ಬಂದೆ. ಮಧ್ಯಾಹ್ನ ಬಿಲ್ಲು ಕೈಗೆ ಬಂತು. ಮೊದಲನೇ ಸಾಲಿನಲ್ಲಿ ಲೇಬರ್ 0.00 ಅಂತ ದಪ್ಪ ಅಕ್ಷರ. ಅದರ ಕೆಳಗೆ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ 800, ನೈಟ್ರೋಜನ್ ಗಾಳಿ 200, ಒಳಗಿನ ಕ್ಲೀನಿಂಗ್ ಮತ್ತು ಪಾಲಿಶ್ 950, ಕನ್ಸ್ಯೂಮಬಲ್ಸ್ ಅಂದರೆ ಬಳಸಿ ಮುಗಿಯುವ ಸಣ್ಣಪುಟ್ಟ ಸಾಮಾನು 150. ಎಲ್ಲ ಸೇರಿ 2,100. ಮೇಲೆ ನೂರಕ್ಕೆ 18ರ ಜಿಎಸ್‌ಟಿ 378. ಒಟ್ಟು 2,478.

"ತಮ್ಮಾ, ಫ್ರೀ ಅಂದಿದ್ರಲ್ಲಪ್ಪ?"

"ಫ್ರೀ ಅಂದ್ರೆ ಲೇಬರ್ ಫ್ರೀ ಸರ್."

ಸರಿ. ಸಾಮಾನು ಹಾಕಿದ್ದರೆ ಸಾಮಾನಿನ ದುಡ್ಡು ಕೊಡಬೇಕು, ಅದು ನ್ಯಾಯವೇ. ಆದರೆ ಬಿಲ್ಲನ್ನು ಇನ್ನೊಂದು ಸಲ ನೋಡಿದೆ. ಅಲೈನ್‌ಮೆಂಟ್‌ನಲ್ಲಿ ಹೊಸದಾಗಿ ಹಾಕುವ ಸಾಮಾನು ಏನಿದೆ? ಗಾಲಿ ತಿರುಗಿಸಿ, ಮಿಷನ್ನಿಗೆ ಕೊಟ್ಟು, ಸ್ಪ್ಯಾನರ್ ಹಾಕಿ ಸರಿ ಮಾಡೋದು. ಅದು ಪೂರ್ತಿ ಲೇಬರ್ರೇ ಅಲ್ವಾ? ಕೇಳಿದೆ.

ಹುಡುಗ ಒಂದು ಕ್ಷಣ ಸುಮ್ಮನಾದ. ಆಮೇಲೆ ಹೇಳಿದ: "ಅದು ಬೇರೆ ಲೇಬರ್ ಸರ್."

ಬೇರೆ ಲೇಬರ್! ಮೂವತ್ತು ವರ್ಷ ವ್ಯಾಪಾರ ಮಾಡಿದ್ದೇನೆ, ಈ ಮಾತು ನನಗೇ ಹೊಳೆದಿರಲಿಲ್ಲ.

ನೈಟ್ರೋಜನ್ ಬಗ್ಗೆಯೂ ಒಂದು ಮಾತು. ನಾವು ಸುಮ್ನೆ ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್. ವಿಮಾನದ ಟೈರಿಗೆ, ರೇಸ್ ಕಾರಿಗೆ ಶುದ್ಧ ನೈಟ್ರೋಜನ್ ಬೇಕು, ಒಪ್ಪುತ್ತೇನೆ. ಹದಡಿ ರಸ್ತೆಯಿಂದ ಮಂಡಿಪೇಟೆಗೆ ಬಂದು ಹೋಗುವ ನನ್ನ ಕಾರಿಗೆ ಪೆಟ್ರೋಲ್ ಬಂಕಿನ ಗಾಳಿ ಸಾಕು. ಅದನ್ನು ಹೇಳಿದ್ದಕ್ಕೆ ಹುಡುಗ ಆ 200, ಅದರ ಟ್ಯಾಕ್ಸ್ 36 ತೆಗೆದ. ಪಾಲಿಶ್ ಮಾಡಿ ಆಗಿತ್ತು, ಅದನ್ನು ಕೆರೆದು ತೆಗಿ ಅನ್ನೋಕಾಗುತ್ತಾ? ಬೆಳಗ್ಗೆ, ಏನೇನು ಕೆಲಸ ಅಂತ ಬರೆದ ಜಾಬ್ ಕಾರ್ಡಿಗೆ ಓದದೆ ಸಹಿ ಹಾಕಿದವನು ನಾನೇ. ಹಿಂದೆ ಸಾಲು ನಿಂತಿತ್ತು, ಪೆನ್ನು ಕೈಗಿಟ್ಟರು, ಹಾಕಿದೆ. ಫೋನ್‌ಪೇ ಮಾಡಿದೆ. ಕೌಂಟರಿನ ಮೇಲಿದ್ದ ಡಬ್ಬಿ ಮೊತ್ತವನ್ನು ಇಡೀ ಹಾಲಿಗೆ ಕೇಳುವ ಹಾಗೆ ಕೂಗಿ ಹೇಳಿತು.

ಈಗ ಅಳಿಯನ ಕ್ಯಾರವಾನ್‌ಗೆ ಬರುತ್ತೇನೆ. ಗೊಣಗಿಕೊಂಡೇ ಅವನು ಸರ್ವಿಸ್ ಬುಕ್ ಮಾಡಿದ. ಮಾಡದೆ ಗತಿ ಇಲ್ಲ. ಅಲ್ಲಿ ವಾರಂಟಿ ಉಳಿಯಬೇಕು ಅಂದರೆ ವರ್ಷಕ್ಕೊಮ್ಮೆ ಕಂಪನಿ ಒಪ್ಪುವವರ ಹತ್ತಿರ ಸರ್ವಿಸ್ ಮಾಡಿಸಿ ಪುಸ್ತಕದಲ್ಲಿ ಮುದ್ರೆ ಒತ್ತಿಸಬೇಕು. ಅಪ್ರೂವ್ಡ್ ವರ್ಕ್‌ಶಾಪ್ ಸ್ಕೀಮ್ ಅಂತ ಒಂದಿದೆ. ಅದರಲ್ಲಿರುವ ಮೆಕ್ಯಾನಿಕ್‌ಗಳಲ್ಲಿ ಕೆಲವರು ಮನೆಗೇ ವ್ಯಾನ್ ತಗೊಂಡು ಬರ್ತಾರೆ. ಹಾಗೆ ಬಂದ ದಿನ ಅಳಿಯ ವಿಡಿಯೋ ಕಾಲ್ ಮಾಡಿದ. "ನೋಡಿ ಮಾಮ, ಇಂಜಿನ್ ಇಲ್ಲದ ಗಾಡಿಗೆ ಏನ್ ಮಾಡ್ತಾರೆ ಅಂತ."

ನಾನು ಅಂಗಡಿ ಗಲ್ಲಾದಲ್ಲಿ ಕೂತು ನೋಡಿದೆ. ಆ ಮನುಷ್ಯ ಮೊದಲು ಗಾಲಿ ಬಿಚ್ಚಿದ. ಬ್ರೇಕಿನ ಡ್ರಮ್ ತೆಗೆದ, ಒಳಗಿನ ಧೂಳು ಒರೆಸಿದ, ಬ್ರೇಕ್ ಹೊಂದಿಸಿದ. ಡ್ರಮ್ ಹಿಡಿಯುವ ನಡುವಿನ ನಟ್ಟನ್ನು ಎಸೆದು ಹೊಸದು ಹಾಕಿದ. ಅದು ಒಂದೇ ಸಲ ಬಳಸುವ ನಟ್ಟಂತೆ, ಬಿಚ್ಚಿದರೆ ಮುಗೀತು. ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚನ್ನು 290 ನ್ಯೂಟನ್ ಮೀಟರಿಗೆ ಇಟ್ಟು ಮೈಭಾರ ಹಾಕಿ ಬಿಗಿದ. ಕಾರಿಗೆ ಸಿಕ್ಕಿಸುವ ಕೊಂಡಿ ನೋಡಿದ. ಕೊಂಡಿ ಕಳಚಿಕೊಂಡರೆ ತಾನೇ ಬ್ರೇಕ್ ಎಳೆಯುವ ತಂತಿ ನೋಡಿದ. ಗ್ಯಾಸ್ ಪೈಪಿನ ಮೇಲೆ ಅಚ್ಚಾದ ವರ್ಷ ಓದಿದ. (ನಮ್ಮ ಮನೆಯ ಸಿಲಿಂಡರಿನ ಕೇಸರಿ ಪೈಪಿನ ಮೇಲೂ ಹೀಗೇ ಬರೆದಿರುತ್ತೆ. ಅವತ್ತು ರಾತ್ರಿ ಹೋಗಿ ನೋಡಿದೆ. ನಮ್ಮದರ ಅವಧಿ ಮುಗಿದು ಎರಡು ವರ್ಷ ಆಗಿತ್ತು. ನಮ್ಮನೆಯವಳು ನನ್ನನ್ನೇ ದುರುಗುಟ್ಟಿಕೊಂಡು ನೋಡಿದಳು.)

ಕೊನೆಯದು ನನಗೆ ತುಂಬಾ ಹಿಡಿಸಿತು. ಕೈಯಲ್ಲಿ ಹಿಡಿಯುವ ಒಂದು ಮೀಟರ್. ಅದನ್ನು ಗೋಡೆಯ ಮೂಲೆ ಮೂಲೆಗೆ ಒತ್ತುತ್ತಾ ಹೋದ. ತೇವ ಎಷ್ಟಿದೆ ಅಂತ ಅದು ತೋರಿಸುತ್ತೆ. ನೂರಕ್ಕೆ 15ರ ಒಳಗೆ ಬಂದರೆ ಚಿಂತೆ ಇಲ್ಲ. 20 ದಾಟಿದರೆ ಎಲ್ಲೋ ನೀರು ಒಳಗೆ ಬರ್ತಿದೆ ಅಂತ. ಕ್ಯಾರವಾನಿನ ಗೋಡೆ ತೆಳು ತಗಡು, ಫೋಮು, ಪ್ಲೈವುಡ್ಡು ಅಂಟಿಸಿ ಮಾಡಿದ್ದು. ಒಂದು ಜೋಡಣೆಯಲ್ಲಿ ಗಮ್ ಬಿಟ್ಟರೆ ಸಾಕು, ಮಳೆ ನೀರು ಕಾಣದ ಹಾಗೆ ಒಳಗೆ ಸೇರಿ ಮರವನ್ನು ಕೊಳೆಸುತ್ತೆ. ಹೊರಗಿನಿಂದ ಪಳಪಳ, ಒಳಗೆ ಹಿಟ್ಟು. ಇವನ ಕಿಟಕಿಯ ಕೆಳಗಿನ ಒಂದು ಮೂಲೆ 22 ತೋರಿಸಿತು.

ಆ ಮೀಟರ್ ನೋಡುವಾಗ ನನಗೆ ಜಗಳೂರು ಕಡೆಯ ನಮ್ಮ ಅಜ್ಜಿಯ ಮನೆ ನೆನಪಾಯಿತು. ಮಣ್ಣಿನ ಮಾಳಿಗೆ ಮನೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆ ಮೇಲೆ ಕರಲು ಮಣ್ಣು ಹಾಕಿಸಬೇಕು. ಒಂದು ವರ್ಷ ಬಿಟ್ಟರೆ ಸೋರುತ್ತೆ, ಎರಡು ವರ್ಷ ಬಿಟ್ಟರೆ ತೊಲೆ ಕೊಳೆಯುತ್ತೆ. ಮನೆ ಕಟ್ಟಿ ವರ್ಷ ತುಂಬಿಲ್ಲ, ಹೊಸದು, ಯಾಕೆ ಮಣ್ಣು ಅಂತ ಯಾರೂ ಕೇಳುತ್ತಿರಲಿಲ್ಲ. ಮಣ್ಣು ಹೊತ್ತವರಿಗೆ ಎಷ್ಟು ಸೇರು ಜೋಳ, ಯಾವ ಹೊತ್ತಿನ ಊಟ ಅಂತ ಕೆಲಸಕ್ಕೆ ಮೊದಲೇ ಮಾತಾಗುತ್ತಿತ್ತು. ಬಡಿಗನಿಗೂ ಹಾಗೇ. ವರ್ಷವಿಡೀ ನೇಗಿಲು, ಗಾಡಿ ರಿಪೇರಿ ಮಾಡುತ್ತಿದ್ದ, ಸುಗ್ಗಿಯಲ್ಲಿ ಕಣಕ್ಕೇ ಬಂದು ತನ್ನ ಆಯ, ಅಂದರೆ ವರ್ಷದ ಕೂಲಿಯ ಕಾಳು, ಅಳೆಸಿಕೊಂಡು ಹೋಗುತ್ತಿದ್ದ. ಕೊಡುವಾಗ ಕೈ ಬಿಗಿ ಹಿಡಿಯುವ ಜಿಪುಣರು ಆಗಲೂ ಇದ್ದರು, ಅದು ಬೇರೆ ಮಾತು. ಈಗಿನವರು ಎಎಂಸಿ, ಅಂದರೆ ವರ್ಷದ ರಿಪೇರಿ ಒಪ್ಪಂದ, ಅನ್ನೋದು ಇದನ್ನೇ. ಬಡಿಗ ಫ್ರೀಯಾಗಿ ಮಾಡ್ತಾನೆ ಅಂತ ಮಾತ್ರ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಅಳಿಯನ ಆ ಸೋರುವ ಮೂಲೆಯನ್ನು ವಾರಂಟಿಯಲ್ಲೇ ಸರಿ ಮಾಡಿ ಕೊಡುತ್ತಾರಂತೆ. 250 ಪೌಂಡ್ ಕೊಟ್ಟು ನೋಡಿಸದಿದ್ದರೆ ಮುಂದೆ ಆ ಇಡೀ ಗೋಡೆ ಅವನ ತಲೆ ಮೇಲೇ ಬೀಳುತ್ತಿತ್ತು. ಹಾಗಾಗಿ ದುಡ್ಡಿನ ಸಿಟ್ಟು ಇಳಿದಿದೆ. ಇನ್ನೊಂದು ಸಿಟ್ಟು ಇಳಿದಿಲ್ಲ. "ಮಾಮ, ಮಾರೋ ದಿನ ಎರಡು ಗಂಟೆ ನಿಂತು ಸ್ಪೀಕರ್ ತೋರಿಸಿದ, ಲೈಟ್ ತೋರಿಸಿದ. ವರ್ಷಾ ವರ್ಷಾ ಇಷ್ಟು ಖರ್ಚಿದೆ ಅಂತ ಒಂದು ಮಾತು ಹೇಳಲಿಲ್ಲ. ಬರೆದಿದ್ದಾರೆ, ಪುಸ್ತಕದ ಕೊನೇಲಿ, ಸಣ್ಣಕ್ಷರದಲ್ಲಿ."

ನನ್ನ ತಕರಾರೂ ಇಷ್ಟೇ. ಕೆಲಸ ಮಾಡಿದವನಿಗೆ ದುಡ್ಡು ಸಿಗಬೇಕು. ಹೊಸ ಗಾಡಿಗೇ ಸರ್ವಿಸ್ ಹೆಚ್ಚು ಬೇಕು ಅಂತಲೂ ಈಗ ಒಪ್ಪುತ್ತೇನೆ, ಫ್ಯಾಕ್ಟರಿಯಲ್ಲಿ ಬಿಟ್ಟ ಐಬು ಮೊದಲ ವರ್ಷದಲ್ಲೇ ಕಾಣೋದು. ಆದರೆ ಆ ದುಡ್ಡು ಎಷ್ಟು ಅಂತ ಮಾರುವ ದಿನವೇ, ಚೆಕ್ ಬರೆಯೋಕೆ ಮುಂಚೆ, ಬಾಯಿಬಿಟ್ಟು ಹೇಳಿ. ದೋಸೆ ಹೋಟೆಲಿನಲ್ಲಿ ಬೆಣ್ಣೆ ಜಾಸ್ತಿ ಹಾಕಿ ಅಂದರೆ ದುಡ್ಡು ಜಾಸ್ತಿ ಅಂತ ಮಾಣಿ ಅಲ್ಲೇ ಹೇಳ್ತಾನೆ. ನಾವು ಬೇಕು ಅಂತೀವಿ, ಇಲ್ಲಾ ಬೇಡ ಅಂತೀವಿ. ತಿಂದ ಮೇಲೆ "ದೋಸೆ ಫ್ರೀ ಸರ್, ಬೆಣ್ಣೆಗೆ ಮಾತ್ರ" ಅಂದರೆ ಹೇಗಿರುತ್ತೆ?

"ಬೇರೆ ಕಡೆ ಮಾಡಿಸ್ಕೊಳ್ಳಿ ಸ್ವಾಮಿ, ಯಾರು ಬೇಡ ಅಂದ್ರು" ಅಂತ ಕೆಲವರು ಕೇಳಬಹುದು. ಕಷ್ಟ ಇರೋದೇ ಅಲ್ಲಿ. ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತೆ ಅಂತ ಹೆದರಿಸ್ತಾರೆ. 2014ರ ಆಗಸ್ಟ್‌ನಲ್ಲಿ ನಮ್ಮ ದೇಶದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿಭಾಗ ಹೊರಗಿನ ಗ್ಯಾರೇಜಿಗೆ ಸಿಗದ ಹಾಗೆ ಮಾಡಿದ್ದು ತಪ್ಪು, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಅನ್ನುವ ಷರತ್ತೂ ಸಲ್ಲದು ಅಂತ ಆದೇಶದಲ್ಲಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ಶೋರೂಮಿನ ಹುಡುಗ ಇವತ್ತಿಗೂ "ವಾರಂಟಿ ಪ್ರಾಬ್ಲಂ ಆಗುತ್ತೆ ಸರ್" ಅಂತಾನೇ ಇದ್ದಾನೆ.

ಜಗಳ ಮಾಡುವ ತಾಳ್ಮೆ ಇದ್ದವರು 1915ಕ್ಕೆ ಫೋನ್ ಮಾಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ನಾನು ಹೋಗಲಿಲ್ಲ. ಸಹಿ ಹಾಕಿದ್ದೆನಲ್ಲ. ಇನ್ನೊಂದು ಕಾರಣವೂ ಇದೆ, ಅದನ್ನು ಬರೆಯೋಕೆ ಸ್ವಲ್ಪ ಮುಜುಗರ.

ನನ್ನದು ಮಂಡಿಪೇಟೆಯಲ್ಲಿ ಮೋಟಾರು, ಪಂಪಿನ ಅಂಗಡಿ. ಎರಡು ವರ್ಷದ ಹಿಂದೆ ಜಗಳೂರು ಕಡೆಯ ಒಬ್ಬ ಹಿರಿಯರಿಗೆ ಪಂಪ್ ಮಾರಿದ್ದೆ. "ಮೊದಲ ಸರ್ವಿಸ್ ಫ್ರೀ ಯಜಮಾನ್ರೆ, ಫೋನ್ ಹಾಕಿ ಸಾಕು" ಅಂದಿದ್ದೆ. ಅವರು ಫೋನ್ ಹಾಕಿದರು. ಮೆಕ್ಯಾನಿಕ್ ಹೋಗಿ ನೋಡಿ ಬಂದ. ಅವನ ಓಡಾಟದ ಖರ್ಚು 600 ರೂಪಾಯಿ. ಮುಂದಿನ ವಾರ ಸಂತೆಗೆ ಬಂದ ಹಿರಿಯರು ಅಂಗಡಿಗೂ ಬಂದರು. ಟವಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ನಿಧಾನಕ್ಕೆ ಹೇಳಿದರು:

"ಸಾವ್ಕಾರ್ರೆ, ನೀವು ಫ್ರೀ ಅಂದಿದ್ರಿ ಅಂತ ಮನೇಲಿ ದುಡ್ಡು ಇಟ್ಕಂಡಿರ್ಲಿಲ್ಲ. ಪಕ್ಕದ ಮನೇಲಿ ಇಸ್ಕಂಡು ಕೊಟ್ಟೆ."

ಅವತ್ತು ನಾನು ಏನು ಹೇಳಿದ್ದೆ ಗೊತ್ತಾ? "ಫ್ರೀ ಅಂದ್ರೆ ಲೇಬರ್ ಫ್ರೀ ಯಜಮಾನ್ರೆ."

ಶೋರೂಮಿನ ಹುಡುಗ ಆ ಮಾತು ಅಂದಾಗ ನನಗೆ ಸಿಟ್ಟಿಗಿಂತ ಮೊದಲು ಬಂದಿದ್ದು ಆ ಟವಲ್ಲಿನ ನೆನಪು.

ಈಗ ಹದಿನೈದು ದಿನದಿಂದ ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಬರೆದು ಕೊಡುತ್ತಿದ್ದೇನೆ. ಊರೊಳಗಾದರೆ ಮೆಕ್ಯಾನಿಕ್ ಬರುವ ಖರ್ಚು 200, ಹರಿಹರ 350, ಜಗಳೂರು ಕಡೆ 600, ಸೀಲು ವಾಷರ್ ಬೇರೆ. ಓದಿ ಹೇಳಿ ಆಮೇಲೆ ದುಡ್ಡು ಇಸ್ಕೊಳ್ಳುತ್ತೇನೆ. ನಮ್ಮ ಅಂಗಡಿ ಹುಡುಗನಿಗೆ ಇದು ಒಂಚೂರೂ ಇಷ್ಟ ಇಲ್ಲ.

ನಿನ್ನೆ ಗಂಡ ಹೆಂಡತಿ ಒಂದು ಪಂಪ್ ನೋಡಿದರು. ರೇಟು ಒಪ್ಪಿಗೆ ಆಯಿತು. ಬಿಲ್ಲಿನ ಹಿಂದಿನದನ್ನು ಓದಿ ಹೇಳಿದೆ. ಆಯಮ್ಮ ಗಂಡನ ಮುಖ ನೋಡಿದಳು. "ಒಂದು ಸುತ್ತು ಹಾಕ್ಕಂಡು ಬರ್ತೀವಿ ಅಣ್ಣ" ಅಂದು ಇಳಿದು ಎದುರಿನ ಅಂಗಡಿಗೆ ಹೋದರು. ಅರ್ಧ ಗಂಟೆಗೆ ಅದೇ ಕಂಪನಿಯ ಡಬ್ಬ ಆಟೋದಲ್ಲಿ ಇಟ್ಟುಕೊಂಡು ಹೊರಟರು.

"ಅಲ್ಲಿ ಸರ್ವಿಸ್ ಫ್ರೀಯಂತೆ" ಅಂದ ನಮ್ಮ ಹುಡುಗ, ನನಗೆ ಕೇಳಲಿ ಅಂತಲೇ.