ಹೆಡ್ಡಾಫೀಸು ಹೋದ ಮೇಲೆ

ಆಡಿಟರುಗಳು, ಕಂಪನಿ ವಕೀಲರು, ಸಾಫ್ಟ್‌ವೇರ್ ಸಲಹೆಗಾರರು, ಚಿಪ್ ಡಿಸೈನ್ ಮಾಡುವವರು, ಎಲ್ಲರೂ ಬೆಂಗಳೂರಿಗೇ ಯಾಕೆ ಬಂದು ಸೇರುತ್ತಾರೆ? ಹವೆ ಚೆನ್ನಾಗಿದೆ ಅಂತ ಹೇಳಿ ಸುಮ್ಮನಾಗುತ್ತೇವೆ. ಹವೆ ಚಿಕ್ಕಮಗಳೂರಿನಲ್ಲೂ ಚೆನ್ನಾಗಿದೆ.

ಇಂಥ ಕೆಲಸ ಗಿರಾಕಿಯ ಬೆನ್ನು ಹಿಡಿದು ಹೋಗುತ್ತದೆ. ಅದೂ ಸಹಿ ಹಾಕುವ ಅಧಿಕಾರ ಇರುವ ಗಿರಾಕಿ. ಬೆಂಗಳೂರಿಗೆ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಬಂತು. ಆಮೇಲೆ ವಿಮಾನ ಮಾಡುವ ಎಚ್‌ಎಎಲ್, ಟೆಲಿಫೋನ್ ಮಾಡುವ ಐಟಿಐ, ಎಲೆಕ್ಟ್ರಾನಿಕ್ಸ್‌ನ ಬಿಇಎಲ್ ಕಾರ್ಖಾನೆಗಳು. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಡಿಸೈನ್ ಸೆಂಟರ್ ತೆರೆದಾಗ ನುರಿತ ಎಂಜಿನಿಯರುಗಳು ಆಗಲೇ ಇಲ್ಲಿದ್ದರು. ಇವತ್ತು ಚಿಪ್ ವೆರಿಫಿಕೇಶನ್, ಅಂದರೆ ಚಿಪ್‌ನ ಡಿಸೈನ್ ಸರಿಯಿದೆಯೇ ಅಂತ ಪರೀಕ್ಷೆ, ಮಾಡುವವರೊಬ್ಬರು ಹೊರ ವರ್ತುಲ ರಸ್ತೆಯ ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಸೇರಿದರೆ ಮನೆ ಬದಲಿಸಬೇಕಿಲ್ಲ, ಮಗುವಿನ ಶಾಲೆ ಬದಲಿಸಬೇಕಿಲ್ಲ, ಗಂಡನೋ ಹೆಂಡತಿಯೋ ಕೆಲಸ ಬಿಡಬೇಕಿಲ್ಲ. ಕಲಿತ ವಿದ್ಯೆಯೂ ಜೊತೆಗೇ ರಸ್ತೆ ದಾಟುತ್ತದೆ. ಎರಡನೇ ಕೆಲಸ ಸಿಗುತ್ತದೆ ಅನ್ನುವ ಧೈರ್ಯ ಎಲ್ಲ ಊರಿನಲ್ಲೂ ಇಲ್ಲ.

ನಮ್ಮ ಕರಾವಳಿಯಲ್ಲಿ ಬ್ಯಾಂಕಿಂಗ್ ಮಟ್ಟಿಗೆ ಆ ಧೈರ್ಯ ಇತ್ತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದವು. 1924ರಲ್ಲಿ ಕರ್ಣಾಟಕ ಬ್ಯಾಂಕ್, ಮರುವರ್ಷ ಸಿಂಡಿಕೇಟ್. ಯಾವ ಸಾಫ್ಟ್‌ವೇರ್ ಕೊಳ್ಳಬೇಕು, ಯಾವ ದೊಡ್ಡ ಸಾಲ ಮಂಜೂರು ಮಾಡಬೇಕು, ಕೇಸು ಯಾವ ವಕೀಲರಿಗೆ ಕೊಡಬೇಕು, ಎಲ್ಲ ತೀರ್ಮಾನ ಆಗುವುದು ಹೆಡ್ಡಾಫೀಸಿನಲ್ಲಿ. ಆಡಿಟರ ಹತ್ತಿರ ಆರ್ಟಿಕಲ್‌ಶಿಪ್‌ಗೆ, ಅಂದರೆ ಸಿಎ ಓದಿನ ಭಾಗವಾದ ತರಬೇತಿಗೆ, ಸೇರಿದ ಹುಡುಗ ಬ್ರಾಂಚ್ ಆಡಿಟ್‌ಗೆ ಹೋದರೆ ಆ ಬ್ರಾಂಚಿನ ಸಾಲದ ಫೈಲು ನೋಡಿ ಬರುತ್ತಾನೆ. ಹೆಡ್ಡಾಫೀಸಿನ ಆಡಿಟ್‌ಗೆ ಹೋದರೆ ಇಡೀ ಬ್ಯಾಂಕಿನ ಬ್ಯಾಲೆನ್ಸ್ ಶೀಟ್ ಹೇಗೆ ಕೂಡಿಬರುತ್ತದೆ ಅಂತ ಕಣ್ಣಾರೆ ನೋಡುತ್ತಾನೆ. ಯಾವ ಕೋಚಿಂಗ್ ಕ್ಲಾಸೂ ಅದನ್ನು ಕಲಿಸುವುದಿಲ್ಲ.

2020ರ ಏಪ್ರಿಲ್ 1ರಂದು ಮಂಗಳೂರಿನಲ್ಲಿ ಹೆಡ್ಡಾಫೀಸಿದ್ದ ಕಾರ್ಪೊರೇಷನ್ ಬ್ಯಾಂಕ್ ಮುಂಬಯಿಯ ಯೂನಿಯನ್ ಬ್ಯಾಂಕಿನಲ್ಲಿ, ಮಣಿಪಾಲದಲ್ಲಿದ್ದ ಸಿಂಡಿಕೇಟ್ ಈಗ ಬೆಂಗಳೂರಿನಲ್ಲಿ ಹೆಡ್ಡಾಫೀಸಿರುವ ಕೆನರಾದಲ್ಲಿ ವಿಲೀನವಾದವು. ಮಂಗಳೂರು ಒಂದು ಹೆಡ್ಡಾಫೀಸು ಕಳೆದುಕೊಂಡಿತು, ಮಣಿಪಾಲ ಇನ್ನೊಂದು. ಶಾಖೆಗಳು ಇವೆಯಲ್ಲ ಅಂತ ಸಮಾಧಾನ ಹೇಳಿದವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ನಾವು ಕಳೆದುಕೊಂಡದ್ದು ಡೆಪಾಸಿಟ್ ಇಡುವ ಜಾಗ ಅಲ್ಲ, ತೀರ್ಮಾನ ತೆಗೆದುಕೊಳ್ಳುವ ಮೇಜು.

ಬಿಯಾಂಡ್ ಬೆಂಗಳೂರು, ಅಂದರೆ ಉದ್ಯಮ ಬೆಂಗಳೂರಿನಾಚೆಗೂ ಹರಡಲಿ, ಅಂತ ರಾಜ್ಯ ಸರಕಾರ ಹೇಳುತ್ತಿದೆ. ಒಳ್ಳೆಯದೇ. ಆದರೆ ಕಟ್ಟಡ, ರಿಯಾಯಿತಿ ಕೊಟ್ಟರೆ ಸಾಲದು. ನಮ್ಮ ನಿಗಮ, ಮಂಡಳಿಗಳ ಹೆಡ್ಡಾಫೀಸುಗಳು ಬಹುಪಾಲು ಬೆಂಗಳೂರಿನಲ್ಲೇ ಇವೆ. ಆದರೆ ಕರೆಂಟು ಕೊಡುವ ಸರಕಾರಿ ಕಂಪನಿ ಹೆಸ್ಕಾಂ ಹುಬ್ಬಳ್ಳಿಯಿಂದಲೇ ನಡೆಯುತ್ತಿದೆ. ಹಾಗಿದ್ದ ಮೇಲೆ ಇನ್ನಷ್ಟು ನಿಗಮಗಳು ಬೆಳಗಾವಿ, ಕಲಬುರಗಿ, ಮಂಗಳೂರಿನಿಂದ ನಡೆಯಬಹುದು ಅಲ್ವಾ? ಬರೀ ಹೆಸರಿನ ಬೋರ್ಡು ಹೋದರೆ ಆಗದು. ಎಂ.ಡಿ. ಹೋಗಬೇಕು, ಟೆಂಡರ್ ಕಮಿಟಿಯೂ ಅಲ್ಲೇ ಕೂರಬೇಕು.