ಸೆಪ್ಟೆಂಬರ್‌ಗೆ ಸೇರಿ ಈಸ್ಟರ್‌ಗೆ ಪಾಸಾಗುವುದಲ್ಲ ವಿಶ್ವಾಸ

ಕಥೋಲಿಕ ಧರ್ಮಸಭೆ ಸೇರಬೇಕು, ಏನು ಮಾಡಬೇಕು ಎಂದು ವಯಸ್ಕರೊಬ್ಬರು ನಾನಿರುವ ಅಮೆರಿಕದ ಚರ್ಚುಗಳಲ್ಲಿ ವಿಚಾರಿಸಿದರೆ ಬಹಳ ಕಡೆ ಸಿಗುವ ಉತ್ತರ ಇಷ್ಟು: ತರಗತಿ ಸೆಪ್ಟೆಂಬರ್‌ನಲ್ಲಿ ಶುರು, ಈಸ್ಟರ್‌ಗೆ ಮುಗಿಯುತ್ತದೆ. ಜನವರಿಯಲ್ಲಿ ಹೋದವರು ಮುಂದಿನ ಸೆಪ್ಟೆಂಬರ್‌ವರೆಗೆ ಕಾಯಬೇಕು. ಹಳೆಯ ದಾರಿ ಬೇರೆ ಇತ್ತು. ಗುರುಗಳ ಬಳಿ ಒಬ್ಬರೇ ಹೋಗಿ, ಪ್ರಶ್ನೋತ್ತರ ಪುಸ್ತಕ ಕಲಿತು, ಗುರುಗಳಿಗೆ ಸಮಾಧಾನವಾದ ದಿನ ನಾಲ್ಕು ಜನರೆದುರು ಜ್ಞಾನಸ್ನಾನ (ಕ್ರೈಸ್ತರಾಗುವ ನೀರಿನ ದೀಕ್ಷೆ) ಪಡೆಯುವುದು. ನನ್ನ ಮಟ್ಟಿಗೆ ಎರಡೂ ಅರೆಬರೆ. ಮೊದಲನೆಯದರಲ್ಲಿ ಸಮುದಾಯವಿದೆ, ಆದರೆ ವ್ಯಕ್ತಿಯ ವೇಗಕ್ಕೆ ಬೆಲೆಯಿಲ್ಲ. ಎರಡನೆಯದರಲ್ಲಿ ವ್ಯಕ್ತಿಯ ವೇಗ ಉಳಿಯುತ್ತದೆ, ಸಮುದಾಯವೇ ಕಾಣೆ.

ವಯಸ್ಕರ ದೀಕ್ಷೆಗೆಂದು ಧರ್ಮಸಭೆಯೇ ಕೊಟ್ಟ ಮೂಲ ವಿಧಿಗ್ರಂಥ ಹೇಳುವುದು ಮೂರನೆಯ ದಾರಿಯನ್ನು. ಬಿಷಪ್ಪರ ಜಾಗತಿಕ ಸಭೆಯಾದ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆದಿ ಕ್ರೈಸ್ತರ ಹಂತಹಂತದ ದೀಕ್ಷಾಕ್ರಮವನ್ನು ಮರಳಿ ತರಬೇಕೆಂದಿತು. ಲ್ಯಾಟಿನ್ ಗ್ರಂಥ 1972ರಲ್ಲಿ ಬಂತು. ಅಮೆರಿಕದಲ್ಲಿ ಇದನ್ನು ಆರ್‌ಸಿಐಎ (ರೈಟ್ ಆಫ್ ಕ್ರಿಶ್ಚಿಯನ್ ಇನಿಷಿಯೇಶನ್ ಆಫ್ ಅಡಲ್ಟ್ಸ್, ಅಂದರೆ ವಯಸ್ಕರ ಕ್ರೈಸ್ತ ದೀಕ್ಷಾವಿಧಿ) ಎನ್ನುತ್ತಿದ್ದರು. 2025ರ ಮಾರ್ಚ್ 5ರ ಬೂದಿ ಬುಧವಾರದಿಂದ ಹೊಸ ಅನುವಾದ ಕಡ್ಡಾಯವಾಗಿ, ಹೆಸರು ಓಸಿಐಎ ('ರೈಟ್' ಬದಲು 'ಆರ್ಡರ್') ಆಯಿತು. ಕನ್ನಡದಲ್ಲಿ ಹೇಳುವುದಾದರೆ 'ವಿಧಿ' ಹೋಗಿ 'ಕ್ರಮ' ಬಂತು. ಒಂದಕ್ಷರದ ಬದಲಾವಣೆಯಾದರೂ ಅರ್ಥಪೂರ್ಣ: ಇದು ಒಂದು ದಿನದ ಕಾರ್ಯವಲ್ಲ, ಒಂದರ ಹಿಂದೆ ಒಂದು ಬರುವ ವಿಧಿಗಳ ಸಾಲು.

ಈ ಕ್ರಮದಲ್ಲಿ ಮೊದಲು ವಿಚಾರಣೆಯ ಕಾಲ. ಇದಕ್ಕೆ ಗಡುವಿಲ್ಲ, ಸಹಿಯಿಲ್ಲ, ಬಾಧ್ಯತೆಯಿಲ್ಲ. ಕೇಳುವುದು, ಬಲಿಪೂಜೆಗೆ ಬಂದು ಕೂರುವುದು, ಬೇಡವೆನಿಸಿದರೆ ಎದ್ದು ಹೋಗುವುದು. ಮನಸ್ಸು ನಿಂತ ಮೇಲೆ ಸ್ವೀಕಾರ ವಿಧಿ: ಹಣೆಯ ಮೇಲೆ ಶಿಲುಬೆಯ ಗುರುತು. ಅಲ್ಲಿಂದ ಆ ವ್ಯಕ್ತಿ ದೀಕ್ಷಾರ್ಥಿ. ಜ್ಞಾನಸ್ನಾನಕ್ಕೆ ಮೊದಲೇ ತೀರಿಕೊಂಡರೂ ಅವರಿಗೆ ಕಥೋಲಿಕ ಅಂತ್ಯಸಂಸ್ಕಾರದ ಹಕ್ಕಿದೆ. ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಅವರನ್ನು ವಿಶ್ವಾಸಿಗಳೊಂದಿಗೇ ಎಣಿಸುತ್ತದೆ. ದೀಕ್ಷಾರ್ಥಿಯ ಕಲಿಕೆ ಕನಿಷ್ಠ ಒಂದು ವರ್ಷವಿರಬೇಕೆಂದು ಅಮೆರಿಕದಲ್ಲಿ 1988ರಿಂದ ಜಾರಿಯಾದ ನಿಯಮಗಳೇ ಹೇಳಿದ್ದವು. ಸೆಪ್ಟೆಂಬರ್‌ನಿಂದ ಏಪ್ರಿಲ್‌ಗೆ ಎಷ್ಟು ತಿಂಗಳೆಂದು ಬೆರಳಲ್ಲಿ ಎಣಿಸಿ ನೋಡಿ.

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ, ಪ್ರಾರ್ಥನೆಗಳ ತಪಸ್ಸುಕಾಲದ ಮೊದಲ ಭಾನುವಾರ, ಸಾಮಾನ್ಯವಾಗಿ ಧರ್ಮಾಧ್ಯಕ್ಷರ (ಬಿಷಪ್) ಮುಂದೆ, ಆಯ್ಕೆಯ ವಿಧಿ: ಆ ಈಸ್ಟರ್ ಹಬ್ಬಕ್ಕೆ ದೀಕ್ಷೆ ಪಡೆಯುವವರನ್ನು ಆರಿಸುವುದು. ಅಲ್ಲಿಂದ ಪಾಠ ಕಡಿಮೆಯಾಗಿ ಪ್ರಾರ್ಥನೆ ಹೆಚ್ಚಬೇಕು. ಮೂರು, ನಾಲ್ಕು, ಐದನೆಯ ಭಾನುವಾರಗಳಲ್ಲಿ ಮೂರು ಪರಿಶೋಧನೆಗಳು, ಅಂದರೆ ದೀಕ್ಷಾರ್ಥಿಗಳ ಮನಃಶುದ್ಧಿಗಾಗಿ ಸಮುದಾಯದೆದುರು ನಡೆಯುವ ಪ್ರಾರ್ಥನಾವಿಧಿಗಳು. ಶುಭಸಂದೇಶದಿಂದ ಸಮಾರ್ಯದ ಸ್ತ್ರೀ, ಹುಟ್ಟುಕುರುಡ, ಲಾಜರನ ಪ್ರಸಂಗಗಳನ್ನು ಅದೇ ಸಾಲಿನಲ್ಲಿ ಓದುತ್ತಾರೆ. ಬಾಯಾರಿಕೆ, ಕುರುಡು, ಸಾವು. ಈ ಮೂರರ ಎದುರು ಒಬ್ಬ ಮನುಷ್ಯನನ್ನು ನಿಲ್ಲಿಸುವಷ್ಟು ಕೆಲಸವನ್ನು ಯಾವ ಪಾಠಪಟ್ಟಿಯೂ ಮಾಡಲಾರದು. ಆದರೂ ಗಡಿಬಿಡಿಯಲ್ಲಿ ಮೊದಲು ಕತ್ತರಿ ಬೀಳುವುದು ಇವಕ್ಕೇ. ಈಸ್ಟರ್ ಹಿಂದಿನ ಪಾಸ್ಖ ಜಾಗರಣೆಯ ರಾತ್ರಿ ಜ್ಞಾನಸ್ನಾನ, ದೃಢೀಕರಣ (ತೈಲ ಹಚ್ಚಿ ದೀಕ್ಷೆಯನ್ನು ಬಲಪಡಿಸುವ ಸಂಸ್ಕಾರ), ಪರಮಪ್ರಸಾದ (ಕ್ರಿಸ್ತನ ಶರೀರವೆಂದು ಸ್ವೀಕರಿಸುವ ರೊಟ್ಟಿ) ಮೂರೂ ಒಟ್ಟಿಗೆ. ಗಂಭೀರ ಕಾರಣವಿಲ್ಲದೆ ವಯಸ್ಕರಿಗೆ ಇವನ್ನು ಬಿಡಿಸಿ ಕೊಡುವಂತಿಲ್ಲ.

ಎಲ್ಲರನ್ನೂ ಒಂದೇ ತರಗತಿಯಲ್ಲಿ ಕೂರಿಸುವ ಪದ್ಧತಿ ತಪ್ಪುವ ದೊಡ್ಡ ಜಾಗ ಇನ್ನೊಂದಿದೆ. ಲೂಥರನ್, ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಬೇರೆ ಕ್ರೈಸ್ತ ಸಭೆಗಳಲ್ಲಿ ನೀರಿನಿಂದ, ಪಿತ ಸುತ ಪವಿತ್ರಾತ್ಮರ ಹೆಸರಿನಲ್ಲಿ ಜ್ಞಾನಸ್ನಾನ ಪಡೆದವರು ದೀಕ್ಷಾರ್ಥಿಗಳೇ ಅಲ್ಲ. ಅವರಿಗೆ ಮತ್ತೆ ಸ್ನಾನವಿಲ್ಲ, ಪರಿಶೋಧನೆಗಳೂ ಅವರಿಗಲ್ಲ. ಪಾಪನಿವೇದನೆ ಮಾಡಿ, ವಿಶ್ವಾಸ ಪ್ರಮಾಣ ಹೇಳಿ, ಧರ್ಮಸಭೆ ಬೋಧಿಸುವುದನ್ನೆಲ್ಲ ಒಪ್ಪುತ್ತೇನೆಂದು ಸಾರಿದರೆ ದೃಢೀಕರಣ, ಪರಮಪ್ರಸಾದ. ಆರ್ಥೊಡಾಕ್ಸ್ ಕಡೆಯಿಂದ ಬಂದವರಿಗೆ ದೃಢೀಕರಣವೂ ಬೇಡ, ಅವರಿಗದು ಆಗಿದೆ. ಇವರಲ್ಲಿ ಅನೇಕರು ವರ್ಷಗಟ್ಟಲೆ ಬೈಬಲ್ ಓದಿದವರು. ಇವರನ್ನು ಈಸ್ಟರ್‌ವರೆಗೆ ಹಿಡಿದಿಡಬೇಕಾದ ಅಗತ್ಯವೇ ಇಲ್ಲ; ಸಿದ್ಧರಾದಾಗ ಯಾವ ಭಾನುವಾರವಾದರೂ ಆದೀತು. ಆದರೆ ಮಾರ್ಮನ್ ಸಭೆಯ ಸ್ನಾನವನ್ನು ರೋಮ್ 2001ರಲ್ಲಿ ಅಸಿಂಧುವೆಂದಿತು. ಅಲ್ಲಿಂದ ಬಂದವರು ಮೊದಲಿನಿಂದ ಬರಬೇಕು.

ಹಾಗಾಗಿ ಮೊದಲ ಭೇಟಿಯಲ್ಲೇ ಜ್ಞಾನಸ್ನಾನದ ದಾಖಲೆ ಕೇಳಬೇಕು. ಪತ್ರ ಕಳೆದಿದ್ದರೆ ಸ್ನಾನವಾದ ಚರ್ಚಿಗೆ ಬರೆದು ಹೊಸ ಪ್ರತಿ ತರಿಸಬಹುದು. ದಾಖಲೆಯ ಪುಸ್ತಕವೇ ಇಲ್ಲದಿದ್ದರೆ, ಯಾರ ಹಕ್ಕಿಗೂ ಬಾಧೆಯಿಲ್ಲದ ಕಡೆ ಕಣ್ಣಾರೆ ಕಂಡ ಒಬ್ಬರ ಸಾಕ್ಷ್ಯ ಸಾಕು. ಹುಡುಕಿದ ಮೇಲೂ ಅನುಮಾನ ಉಳಿದರೆ ಷರತ್ತಿನ ಜ್ಞಾನಸ್ನಾನ, ಅಂದರೆ 'ಈ ಮೊದಲು ಆಗಿರದಿದ್ದರೆ' ಎಂದು ಹೇಳಿ ಕೊಡುವುದು.

ಎರಡನೆಯ ಪ್ರಶ್ನೆ ಮದುವೆಯದು. ಇದನ್ನು ಕೇಳಲು ಸಂಕೋಚಪಡುವವರೇ ಕೊನೆಗೆ ಹೆಚ್ಚು ನೋಯಿಸುತ್ತಾರೆ. ವಿಚ್ಛೇದನವಾಗಿ ಮರುಮದುವೆಯಾದವರಿದ್ದರೆ ಹಿಂದಿನ ಮದುವೆಯನ್ನು, ಅದು ಇಬ್ಬರು ಅಕಥೋಲಿಕರ ನಡುವೆ ಆಗಿದ್ದರೂ, ಧರ್ಮಸಭೆ ಸಿಂಧುವೆಂದೇ ಭಾವಿಸುತ್ತದೆ. ಧರ್ಮಪ್ರಾಂತ್ಯದ (ಧರ್ಮಾಧ್ಯಕ್ಷರ ವ್ಯಾಪ್ತಿಯ) ನ್ಯಾಯಪೀಠ ಅದು ಸಿಂಧುವೇ ಎಂದು ಪರಿಶೀಲಿಸಬೇಕು, ಅಲ್ಲಿಯವರೆಗೆ ಸಂಸ್ಕಾರಗಳು ನಿಲ್ಲುತ್ತವೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಎರಡನೆಯ ಪೀಠದ ಕಡ್ಡಾಯ ಅನುಮೋದನೆ ತೆಗೆದುಹಾಕಿದರು, ಆದರೂ ಕಾಯುವುದು ತಪ್ಪಿಲ್ಲ. ಇದು ಮಾರ್ಚ್‌ನಲ್ಲಿ ಹೊರಬಿದ್ದರೆ, ಬಿಳಿ ಬಟ್ಟೆ ಹೊಲಿಸಿಕೊಂಡವರಿಗೆ "ಈ ವರ್ಷ ಆಗದು" ಎನ್ನಬೇಕಾಗುತ್ತದೆ. ಈ ವಿಷಯದಲ್ಲಿ ಗುರುಗಳೊಂದಿಗಿನ ಹಳೆಯ ಏಕಾಂತ ಭೇಟಿಯೇ ವಾಸಿ. ಇಪ್ಪತ್ತು ಜನರ ಕೋಣೆಯಲ್ಲಿ ಯಾರು ಬಾಯಿ ಬಿಡುತ್ತಾರೆ?

ಸ್ನಾನದ ವೇಳೆ ಜೊತೆ ನಿಂತು ಮುಂದೆಯೂ ಕೈಹಿಡಿದು ನಡೆಸುವ ಜ್ಞಾನಪಿತ ಅಥವಾ ಜ್ಞಾನಮಾತೆಗೆ ಹದಿನಾರು ತುಂಬಿರಬೇಕು, ದೃಢೀಕರಣವಾಗಿರಬೇಕು, ಹೆತ್ತವರು ಆಗುವಂತಿಲ್ಲ. ದೂರದೂರಿನ ಗೆಳೆಯರಿಗಿಂತ ಪ್ರತಿ ಭಾನುವಾರ ಪಕ್ಕದಲ್ಲಿ ಕೂರುವವರು ಮೇಲು.

ಈಸ್ಟರ್ ಕಳೆದ ಮೇಲೆ ಪೆಂತೆಕೋಸ್ತ್‌ವರೆಗಿನ ಐವತ್ತು ದಿನಗಳೂ ಕ್ರಮದ ಭಾಗವೇ: ಪಡೆದ ಸಂಸ್ಕಾರಗಳನ್ನು ಮೆಲುಕು ಹಾಕುವ ಕಾಲ. ಅದರ ಮೇಲೆ ಮೊದಲ ವಾರ್ಷಿಕೋತ್ಸವದವರೆಗೆ ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು 1988ರ ಅದೇ ನಿಯಮಗಳಲ್ಲಿತ್ತು. ತರಗತಿಯ ಪದ್ಧತಿಯಲ್ಲಿ ಇದು ನಡೆಯುವುದೇ ಕಷ್ಟ. ಪರೀಕ್ಷೆ ಮುಗಿದ ಮೇಲೆ ಶಾಲೆಗೆ ಬರುವವರು ಯಾರು? ವರ್ಷವಿಡೀ ಬಾಗಿಲು ತೆರೆದಿಡುವ ಚರ್ಚುಗಳಲ್ಲಿ ಮಾತ್ರ, ಕಳೆದ ವರ್ಷ ಸ್ನಾನವಾದವರು ಈ ವರ್ಷ ವಿಚಾರಿಸಲು ಬಂದವರ ಪಕ್ಕದಲ್ಲಿ ಕೂತಿರುತ್ತಾರೆ.