ಎಣ್ಣಿ ಹಚ್ಚೂ ಮೊದಲ ತಲಿ ನೋಡ್ರಿ

ತಂಗಿಯ ಮಗನಿಗೆ 6 ವರ್ಷ. ಬೇಸಿಗೆ ಸೂಟಿಗೆ ಗುಳೇದಗುಡ್ಡದಿಂದ ವಿಜಯಪುರಕ್ಕೆ ನಮ್ಮ ಮನೆಗೆ ಬಂದಿದ್ದ. ಬಂದ ದಿನದಿಂದ ಒಂದು ಕೈ ತಲೆಯಲ್ಲೇ. ಊಟಕ್ಕೆ ಕೂತರೂ ಕೆರೆತ, ನಿದ್ದೆಗಣ್ಣಲ್ಲೂ ಕೆರೆತ. "ದೊಡ್ಡವ್ವ, ತಲಿ ಭಾಳ ತಿಂಡಿ ಬಿಡತೈತಿ" ಅಂದ. ತಿಂಡಿ ಅಂದರೆ ನಮ್ಮ ಕಡೆ ತುರಿಕೆ. ನಮ್ಮವ್ವ ಒಳಗಿನಿಂದಲೇ ಕೂಗಿದಳು, "ಉಷ್ಣ ಆಗೈತಿ, ಒಂದೀಟ ಕೊಬ್ರಿ ಎಣ್ಣಿ ತಟ್ಟು."

ತಟ್ಟಿದೆ. ಹತ್ತು ದಿನ, ದಿನಾ ರಾತ್ರಿ. ಒಮ್ಮೆಯೂ ಕೂದಲು ಬಗೆದು ಬೆಳಕಿಗೆ ಹಿಡಿದು ನೋಡಲಿಲ್ಲ. ಹನ್ನೊಂದನೇ ದಿನ ಅಂಗಳದ ಬಿಸಿಲಲ್ಲಿ ಕೂರಿಸಿಕೊಂಡು ನೋಡಿದರೆ ಕಿವಿಯ ಮೇಲ್ಗಡೆ ನಾಣ್ಯದಷ್ಟು ದುಂಡನೆಯ ಜಾಗ. ಕೂದಲು ಬುಡಕ್ಕೇ ಮುರಿದಿತ್ತು. ಬೂದಿ ಎರಚಿದಂಥ ಹೊಟ್ಟು, ನಡುನಡುವೆ ಮುರಿದ ಕೂದಲಿನ ಕರಿ ಚುಕ್ಕೆಗಳು. ಮೆಡಿಕಲ್ ಶಾಪಿನವರು ಒಂದು ಟ್ಯೂಬ್ ಕೊಟ್ಟರು. ನಾಲ್ಕು ದಿನ ತಿಂಡಿ ನಿಂತಿತು, ನಾವೂ ನಿಶ್ಚಿಂತರಾದೆವು. ವಾರ ಕಳೆಯುವಷ್ಟರಲ್ಲಿ ಆ ಜಾಗ ಇನ್ನಷ್ಟು ಅಗಲವಾಗಿ, ಹಿಂದಲೆಯಲ್ಲಿ ಇನ್ನೊಂದು ಎದ್ದಿತ್ತು.

ಚರ್ಮರೋಗದ ಡಾಕ್ಟರು ಮೊದಲು ಕೇಳಿದ್ದೇ ಆ ಟ್ಯೂಬನ್ನು. "ಇದರಾಗ ಸ್ಟೀರಾಯ್ಡ್ ಐತ್ರಿ. ತಿಂಡಿ ಕಡಿಮಿ ಮಾಡತೈತಿ, ಒಳಗ ಶಿಲೀಂಧ್ರ ಆರಾಮ ಬೆಳೀತೈತಿ" ಅಂದರು. ಮೈಮೇಲೆ ಬಂದರೆ ನಾವು ಗಜಕರ್ಣ ಅನ್ನುತ್ತೇವಲ್ಲ, ಅದೇ ಹುಳುಕಡ್ಡಿ ತಲೆಗೂ ಬರುತ್ತದೆ, ಅದರಲ್ಲೂ ಮಕ್ಕಳಿಗೆ. ಇದು ಕೂದಲಿನ ಬೇರಿನೊಳಗೆ ಕೂರುವುದರಿಂದ ಮೇಲೆ ಹಚ್ಚಿದ ಮುಲಾಮು ಅಲ್ಲಿಯವರೆಗೆ ಇಳಿಯುವುದೇ ಇಲ್ಲ, ಗುಳಿಗೆ ನುಂಗಲೇಬೇಕು. ಮಗುವಿನ ತೂಕ ನೋಡಿ ಗ್ರಿಸಿಯೋಫಲ್ವಿನ್ ಇಲ್ಲವೇ ಟರ್ಬಿನಾಫಿನ್ ಬರೆಯುತ್ತಾರೆ, ವಾರಗಟ್ಟಲೆ ಬಿಡದೆ ಕೊಡಬೇಕು. ನಮ್ಮವನಿಗೆ ಗ್ರಿಸಿಯೋಫಲ್ವಿನ್. ಕೊಬ್ಬಿನ ಜೊತೆ ಕೊಟ್ಟರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ ಅಂತ ತುಪ್ಪ ಹಚ್ಚಿದ ಚಪಾತಿ ತಿನ್ನಿಸಿ ಕೊಡುತ್ತಿದ್ದೆವು. ಹಣಗಿ, ಟವೆಲ್, ದಿಂಬು ಎಲ್ಲ ಬೇರೆ ಮಾಡಿದೆವು. ಕೂದಲು ಮತ್ತೆ ಬಂತು. ತಡಮಾಡಿ ಆ ಜಾಗ ಕೀವು ತುಂಬಿ ಮೆತ್ತಗೆ ಊದಿಕೊಂಡಿದ್ದರೆ ಅಲ್ಲಿ ಶಾಶ್ವತವಾಗಿ ಬೋಳಾಗುವ ಸಾಧ್ಯತೆಯೂ ಇತ್ತಂತೆ. ಅದನ್ನು ಕೇಳಿದಾಗ ನನ್ನ ಎದೆ ಧಸಕ್ಕೆಂದಿತು.

ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ನಮ್ಮ ಕಡೆ ತಲೆ ತಿಂಡಿ ಬಿಟ್ಟರೆ ಎಲ್ಲರದ್ದೂ ಒಂದೇ ಮಾತು, ಎಣ್ಣೆ ಕಡಿಮೆಯಾಗಿದೆ. ಯಾವ ತಿಂಡಿ ಅಂತ ಯಾರೂ ನೋಡುವುದಿಲ್ಲ.

ಎಲ್ಲಕ್ಕಿಂತ ಸಾಮಾನ್ಯವಾದ ಹೊಟ್ಟನ್ನೇ ತಗೊಳ್ಳಿ. ಮಲಸೀಜಿಯಾ ಅನ್ನುವ ಶಿಲೀಂಧ್ರ ಎಲ್ಲರ ತಲೆಯ ಮೇಲೂ ಇರುತ್ತದೆ. ಅದರ ಊಟವೇ ಜಿಡ್ಡು. ಜಿಡ್ಡು ತಿಂದು ಅದು ಬಿಡುವ ಆಮ್ಲ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಚರ್ಮ ಕೆಂಪಾಗಿ, ಪದರ ಪದರವಾಗಿ ಉದುರಿ, ತಿಂಡಿ ಬಿಡುತ್ತದೆ. ಅಂಥ ತಲೆಗೆ ರಾತ್ರಿಯಿಡೀ ಎಣ್ಣೆ ಹಾಕಿ ಬಿಡುವುದೆಂದರೆ ಅದಕ್ಕೆ ತಾಟು ತುಂಬಾ ಬಡಿಸಿದ ಹಾಗೆ. ಎಣ್ಣೆ ಹಚ್ಚಿದಾಗ ಹೊಟ್ಟು ತಲೆಗೇ ಅಂಟಿಕೊಂಡು ಕಾಣುವುದಿಲ್ಲ. ಹೋಯಿತು ಅಂದುಕೊಳ್ಳುತ್ತೇವೆ, ಅಷ್ಟೇ.

ಶೇ. 2ರ ಕೀಟೋಕೊನಜೋಲ್ ಶ್ಯಾಂಪೂ ಇದಕ್ಕೆ ಒಳ್ಳೆಯ ಮದ್ದು. ಜಿಂಕ್ ಪೈರಿಥಿಯೋನ್, ಸೆಲೆನಿಯಂ ಸಲ್ಫೈಡ್ ಇರುವವೂ ನಡೆಯುತ್ತವೆ. ಆದರೆ ಹಚ್ಚಿದ ಕೂಡಲೇ ನೀರು ಸುರಿದುಕೊಂಡರೆ ದುಡ್ಡು ದಂಡ. ನೊರೆಯನ್ನು ಬೆರಳ ತುದಿಯಿಂದ ಚರ್ಮಕ್ಕೆ ತಿಕ್ಕಿ, 5 ನಿಮಿಷ ಬಿಟ್ಟು ತೊಳೆಯಬೇಕು. ವಾರಕ್ಕೆ ಎರಡು ಸಲ, 2ರಿಂದ 4 ವಾರ. ಆಮೇಲೂ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬೇಕಾಗುತ್ತದೆ, ಯಾಕಂದರೆ ಹೊಟ್ಟು ಮರಳಿ ಬರುವಂಥದ್ದೇ. ಕೆರೆದು ಹಸಿಯಾದ ತಲೆಗೆ ನಿಂಬೆಹಣ್ಣು ತಿಕ್ಕಬೇಡಿ, ಚರ್ಮ ಸುಟ್ಟಂತಾಗುತ್ತದೆ.

ನಮ್ಮ ಬೋರಿನ ಸವಳ ನೀರಿನ ಕಥೆ ಬೇರೆ. ಅದರಲ್ಲಿ ಸೋಪು ಹಚ್ಚಿ ಎರೆದುಕೊಂಡರೆ ನೊರೆ ಬರುವುದಿಲ್ಲ, ನೀರಿನ ಸುಣ್ಣದ ಜೊತೆ ಸೇರಿ ಬಿಳಿ ಜಿಡ್ಡಾಗಿ ಕೂದಲಿಗೆ ಕೂರುತ್ತದೆ. ತಲೆಗೆ ಸೋಪು ಬಿಟ್ಟು ಸೌಮ್ಯ ಶ್ಯಾಂಪೂ ಹಿಡಿಯಿರಿ. ಕೊನೆಯ ಎರಡು ಚಂಬು ಸಿಹಿ ನೀರು ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನು ಡೈ. ಒಮ್ಮೆ ಸಿದ್ಧೇಶ್ವರ ಜಾತ್ರೆಗೆ ಅಂತ ನಮ್ಮ ಕಾಕಾ ಕೂದಲಿಗೆ ಕರಿ ಹಚ್ಚಿಕೊಂಡರು. ಮರುದಿನ ಹಣೆ ತುಂಬಾ ಗುಳ್ಳೆ, ಕಣ್ಣು ತೆರೆಯಲಾಗದಷ್ಟು ರೆಪ್ಪೆ ಊದಿತ್ತು. ಡೈನಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ಕೆಲವರಿಗೆ ಹೀಗೆ ಅಲರ್ಜಿ ಮಾಡುತ್ತದೆ. ಕಪ್ಪು ಮೆಹಂದಿ ಅಂತ ಮಾರುವ ಎಷ್ಟೋ ಪುಡಿಗಳಲ್ಲೂ ಇದೇ ಇರುತ್ತದೆ. ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾದು ನೋಡಿ. ಒಮ್ಮೆ ಊದಿದವರು ಮತ್ತೆ ಅದರ ತಂಟೆಗೇ ಹೋಗಬೇಡಿ.

ಬೆಳ್ಳಿ ಬಣ್ಣದ ದಪ್ಪ ಪೊರೆ ಕೂದಲಂಚು ದಾಟಿ ಹಣೆಗೂ ಬಂದಿದ್ದರೆ, ಮೊಣಕೈ ಮೊಣಕಾಲಲ್ಲೂ ಇದ್ದರೆ ಅದು ಸೋರಿಯಾಸಿಸ್ ಇರಬಹುದು. ಡಾಕ್ಟರಿಗೆ ತೋರಿಸಿ. ಅದು ಅಂಟುವ ರೋಗವಲ್ಲ, ಅಂಥವರ ಪಕ್ಕ ಕೂರಲು ಹಿಂಜರಿಯಬೇಡಿ.

ಹೇನಿನ ಮಾತು ಕೊನೆಗೆ ಇಟ್ಟುಕೊಂಡೆ. ನಾನು ಶಾಲೆಯಲ್ಲಿ ಕಲಿಸುವವಳು. ಒಂದು ವರ್ಷ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಬೋಳು ತಲೆಗೆ ಬಟ್ಟೆ ಕಟ್ಟಿಕೊಂಡು ಬಂದಳು. ಮೊದಲು ಮನೆಯಲ್ಲಿ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಹಾಕಿದ್ದರಂತೆ, ನೆತ್ತಿಯ ಚರ್ಮ ಸುಲಿದಿತ್ತು. ಹೇನಿಗೆ ತಲೆ ಬೋಳಿಸಬೇಕಿಲ್ಲ. ಚಿಮಣಿ ಎಣ್ಣೆಯಾಗಲಿ, ಹೊಲಕ್ಕೆ ಹೊಡೆಯುವ ಕೀಟನಾಶಕದ ಎಣ್ಣೆಯಾಗಲಿ ಮಕ್ಕಳ ತಲೆಗೆ ದಯವಿಟ್ಟು ಮುಟ್ಟಿಸಬೇಡಿ, ಪ್ರಾಣಕ್ಕೇ ಕುತ್ತು. ಹೇನು ಹಾರುವುದಿಲ್ಲ, ತಲೆಗೆ ತಲೆ ತಾಗಿದಾಗ ಹರಿದು ಬರುತ್ತದೆ. ದಿನಾ ಎರೆದುಕೊಳ್ಳುವವರ ತಲೆಗೂ ಬರುತ್ತದೆ.

ಸೀರೋ ಹೊಟ್ಟೋ ಅಂತ ನಾನು ನೋಡುವುದು ಹೀಗೆ: ಕಿವಿಯ ಹಿಂದಿನ ಕೂದಲು ಬಗೆದು ಉಫ್ ಅಂತ ಊದುತ್ತೇನೆ. ಹೊಟ್ಟು ಹಾರುತ್ತದೆ. ಸೀರು ಕೂದಲಿನ ಬುಡದ ಹತ್ತಿರ ಗೋಂದು ಹಚ್ಚಿದಂತೆ ಕೂತಿರುತ್ತದೆ, ಉಗುರಿನಿಂದ ಎಳೆಯಬೇಕು. ಶೇ. 1ರ ಪರ್ಮೆಥ್ರಿನ್ ಲೋಷನ್ನನ್ನು ತೊಳೆದು ಒರೆಸಿದ ಕೂದಲಿಗೆ ಹಚ್ಚಿ, 10 ನಿಮಿಷ ಬಿಟ್ಟು ತೊಳೆದು, ಸೀರಣಿಗೆಯಿಂದ ಎಳೆ ಎಳೆಯಾಗಿ ಬಾಚಬೇಕು. ಮದ್ದಿಗೆ ಸೀರು ಪೂರ್ತಿ ಸಾಯುವುದಿಲ್ಲ, ವಾರ ಹತ್ತು ದಿನದಲ್ಲಿ ಒಡೆದು ಮರಿ ಬರುತ್ತವೆ. ಅದಕ್ಕೇ ಒಂಬತ್ತನೇ ದಿನ ಇನ್ನೊಮ್ಮೆ. ಮನೆಯಲ್ಲಿ ಯಾರ ಯಾರ ತಲೆಯಲ್ಲಿ ಇವೆಯೋ ಅವರೆಲ್ಲರಿಗೂ ಒಂದೇ ದಿನ.

ಆ ಹುಡುಗಿಯ ಅವ್ವ ಮನೆಯ ಉಳಿದವರಿಗೆ ಎರಡನೇ ಸಲ ಹಚ್ಚುವುದನ್ನು ಮರೆಯಬಾರದು ಅಂತ ಕ್ಯಾಲೆಂಡರಿನಲ್ಲಿ ಕುಂಕುಮದಿಂದ ಬೊಟ್ಟಿಟ್ಟಿದ್ದಳು. ದೀಪಾವಳಿ ಹೊತ್ತಿಗೆ ಹುಡುಗಿಯ ಕೂದಲು ಕಿವಿ ಮುಚ್ಚುವಷ್ಟಾಗಿ, ಎರಡು ಕ್ಲಿಪ್ಪು ಹಾಕಿಕೊಂಡು ಮೊದಲ ಬೆಂಚಿಗೆ ಬಂದು ಕೂತಳು.